ಎರಡು ಕಂಪ್ಯೂಟರು, ಒಂದು ಕುತ್ತಿಗೆ

ಒಂದು ದೇಶದ ನಾಗರಿಕತೆಯನ್ನು ಅಳೆಯಬೇಕಾದರೆ ಅದು ತನ್ನ ರೋಗಿಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಇದನ್ನು ನಾನು ತುಂಬ ಗಂಭೀರವಾಗಿ ನಂಬುತ್ತೇನೆ. ಆದರೆ ಅಳೆಯಲಿಕ್ಕೆ ನನಗೆ ಕೊಟ್ಟಿರುವುದು ನಾಲ್ಕಡಿಯ ಒಂದು ಮೇಜು. ಅದರ ಒಂದು ಕಾಲು ಗಿಡ್ಡವಾದ್ದರಿಂದ ಅಡಿಗೆ ಸಿರಿಂಜಿನ ಡಬ್ಬದ ರಟ್ಟನ್ನು ಮಡಚಿ ಇಟ್ಟಿದೆ.

ಮೇಜು ಇರುವುದು ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಅಂಗಡಿಗೂ ಲಿಫ್ಟಿಗೂ ನಡುವೆ. ತಲೆಯ ಮೇಲೆ ‘ಕಾರ್ಡು ಮತ್ತು ವಿಮೆ’ ಎಂಬ ಫಲಕ. ಮೇಜಿನ ಮೇಲೆ ಎರಡು ಕಂಪ್ಯೂಟರು. ಎಡಗಡೆಯದ್ದು ಸರ್ಕಾರದ ಆರೋಗ್ಯ ಕಾರ್ಡಿನದ್ದು, ಬಲಗಡೆಯದ್ದು ಖಾಸಗಿ ವಿಮಾ ಕಂಪನಿಗಳದ್ದು. ತೆರಿಗೆಯ ಹಣದಲ್ಲಿ ಎಲ್ಲರಿಗೂ ಚಿಕಿತ್ಸೆ ಕೊಡಬೇಕೋ, ಅವರವರೇ ಕಂತು ಕಟ್ಟಿ ಅವರವರ ವಿಮೆ ಮಾಡಿಸಿಕೊಳ್ಳಬೇಕೋ ಎಂದು ದೊಡ್ಡ ದೊಡ್ಡ ದೇಶಗಳು ಪಾರ್ಲಿಮೆಂಟಿನಲ್ಲಿ ಜಗಳಾಡಿ ಒಂದೊಂದು ದಾರಿ ಹಿಡಿದವು. ನಮ್ಮ ದೇಶ ಜಗಳಕ್ಕೆ ಹೋಗದೆ ಎರಡನ್ನೂ ತಂದು ನನ್ನ ಮೇಜಿನ ಮೇಲೆ ಇಟ್ಟಿತು. ಕುರ್ಚಿ ಮಾತ್ರ ಒಂದೇ ಕೊಟ್ಟಿತು.

ಈಗ ಹೇಳುವುದು ಆ ಕುರ್ಚಿಯಲ್ಲಿ ಕುಳಿತು ಐದು ವಾರ ಕಂಡ ಸಂಗತಿ.

ಮಳೆಗಾಲ ಮುಗಿದು ರಬ್ಬರ್ ಟ್ಯಾಪಿಂಗ್, ಅಂದರೆ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ, ಮತ್ತೆ ಜೋರಾಗುವ ಹೊತ್ತು. ಒಂದು ಮಂಗಳವಾರ ಇಚಿಲಂಪಾಡಿಯಿಂದ ಗಂಡ ಹೆಂಡತಿ ಬಂದರು. ಹೆಂಡತಿಗೆ ಐವತ್ತೆರಡು. ಸ್ವಂತದ ಇನ್ನೂರೈವತ್ತು ರಬ್ಬರ್ ಮರಗಳನ್ನು ಆಳಿಗೆ ಕೊಡದೆ ತಾವೇ ಟ್ಯಾಪ್ ಮಾಡುವವರು. ಗಂಡ ಗಲ್ಫಿನಲ್ಲಿ ಹನ್ನೊಂದು ವರ್ಷ ಕ್ರೇನ್ ಓಡಿಸಿ ಊರಿಗೆ ಮರಳಿದವರು. ಹೆಂಡತಿಯ ಕೈಬೆರಳುಗಳಲ್ಲಿ ಜೋಮು. ರವಿಕೆಯ ಗುಂಡಿ ಹಾಕಲು ಆಗುವುದಿಲ್ಲ. ಟ್ಯಾಪಿಂಗ್ ಕತ್ತಿ ಕೈಯಿಂದ ಜಾರಿ ಎರಡು ಸಲ ಕಾಲಿನ ಮೇಲೆ ಬಿದ್ದಿದೆ.

ಬೆನ್ನುಹುರಿಯ ಸರ್ಜನ್ ನಮ್ಮಲ್ಲಿಗೆ ಮಂಗಳೂರಿನಿಂದ ವಾರಕ್ಕೆ ಎರಡು ದಿನ ಬರುತ್ತಾರೆ, ಮಂಗಳವಾರ ಮತ್ತು ಶುಕ್ರವಾರ. ಅವರು ಎಂ.ಆರ್.ಐ. ಮಾಡಿಸಿ ನೋಡಿದರು. ಕುತ್ತಿಗೆಯ ಎರಡು ಮಣಿಗಳ ನಡುವಿನ ಡಿಸ್ಕು ಹಿಂದಕ್ಕೆ ಸರಿದು ಬೆನ್ನುಹುರಿಯನ್ನು ಒತ್ತುತ್ತಿತ್ತು. ಬಳಿಕ ಅವರು ಒಂದು ಸರಳ ಪರೀಕ್ಷೆ ಮಾಡಿದರು. ಕೈ ಮುಂದೆ ಚಾಚಿ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಹಿಡಿದು ಬಿಡಲು ಸಾಧ್ಯ ಎಂದು ಎಣಿಸುವುದು. ಆರೋಗ್ಯವಂತರು ಇಪ್ಪತ್ತರ ಮೇಲೆ ಮಾಡುತ್ತಾರೆ. ಇವರು ಹದಿಮೂರು ಮಾಡಿದರು. ಇದು ಇಳಿಯುತ್ತಲೇ ಹೋಗುತ್ತದೆ, ಇಳಿದದ್ದು ಆಮೇಲೆ ಆಪರೇಷನ್ ಮಾಡಿದರೂ ಪೂರ್ತಿ ಹತ್ತುವುದಿಲ್ಲ, ತಿಂಗಳೊಳಗೆ ಒತ್ತಡ ತೆಗೆಯಬೇಕು ಎಂದು ಸರ್ಜನ್ ಹೇಳಿದರು. ನನ್ನ ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ‘೧೩’ ಎಂದು ಬರೆದುಕೊಂಡೆ. ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ. ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನರೆತವನು ನಾನು, ಸಂಖ್ಯೆ ಕಂಡರೆ ಬರೆದಿಡುವುದು ಚಟ.

ಗಂಡನ ಕಿಸೆಯಲ್ಲಿ ಖಾಸಗಿ ಕಂಪನಿಯ ಪಾಲಿಸಿ ಇತ್ತು. ತೆಗೆದು ಎರಡೂವರೆ ವರ್ಷವಾಗಿತ್ತು. ಅವರು ಅದನ್ನು ನನ್ನ ಮುಂದೆ ಇಟ್ಟ ರೀತಿ ನೋಡಬೇಕು, ಪಾಸ್‌ಪೋರ್ಟು ಇಟ್ಟ ಹಾಗೆ. ಗಲ್ಫಿನಲ್ಲಿ ಅವರ ಕಂಪನಿ ಕೊಟ್ಟಿದ್ದ ವಿಮೆ ಕಾರ್ಡು ತೋರಿಸಿದರೆ ಸಾಕಾಗಿತ್ತಂತೆ, ಗಾಜಿನ ಬಾಗಿಲು ತಾನಾಗಿ ತೆರೆಯುತ್ತಿತ್ತಂತೆ, ಒಳಗೆ ಕಾಫಿ ಸಹ ಉಂಟಂತೆ. ನಮ್ಮಲ್ಲಿ ಬಾಗಿಲು ತಳ್ಳಬೇಕು, ಕಾಫಿ ಎದುರಿನ ಹೋಟೆಲಿನಲ್ಲಿ ಎಂದು ನಾನು ತಿಳಿಸಿದೆ.

ಪಾಲಿಸಿ ಓದಿದೆ. ಡಿಸ್ಕಿನ ಕಾಯಿಲೆಗೆ ಎರಡು ವರ್ಷ ಕಾಯಬೇಕೆಂಬ ನಿಯಮವಿತ್ತು, ಅದು ದಾಟಿತ್ತು. ಪಾಲಿಸಿ ತೆಗೆಯುವ ಮೊದಲೇ ಇದ್ದ ಕಾಯಿಲೆಯಾದರೆ ಮೂರು ವರ್ಷ, ಅದು ದಾಟಿರಲಿಲ್ಲ. ಆದರೆ ಇದು ಹೊಸ ಕಾಯಿಲೆ, ನಮಗೇನು? ಹಾಗೆಂದುಕೊಂಡು ಕಿರಿಯ ವೈದ್ಯೆ ಬರೆದ ಕೇಸ್ ಶೀಟು, ಎಂ.ಆರ್.ಐ. ವರದಿ, ಸರ್ಜನ್ನರ ಅಭಿಪ್ರಾಯ ಎಲ್ಲವನ್ನೂ ಸ್ಕ್ಯಾನ್ ಮಾಡಿ ಬಲಗಡೆಯ ಕಂಪ್ಯೂಟರಿನಿಂದ ಕಳುಹಿಸಿದೆ. ಅಂದು ಎಡಗಡೆಯ ಕಂಪ್ಯೂಟರು ಎರಡು ದಿನದ ಮೌನದ ಬಳಿಕ ಮಾತಾಡಲು ಶುರುಮಾಡಿತ್ತು. ಅದು ಮತ್ತೆ ಮೌನಕ್ಕೆ ಹೋಗುವ ಮೊದಲು ಆ ಕಡೆಯ ಏಳು ಫೈಲು ಮುಗಿಸಬೇಕಾಗಿತ್ತು. ಹೀಗಾಗಿ ಕೇಸ್ ಶೀಟನ್ನು ನಾನು ಓದಲಿಲ್ಲ. ಜೀವಮಾನವಿಡೀ ಇತರರ ದಾಖಲೆಗಳಲ್ಲಿ ತಪ್ಪು ಹುಡುಕಿದವನು ನನ್ನದೇ ಕೈಯಿಂದ ಹೋಗುವ ಕಾಗದವನ್ನು ಓದಲಿಲ್ಲ.

ಎರಡನೇ ದಿನ ಉತ್ತರ ಬಂತು. ಅನುಮತಿ ಇಲ್ಲ. ಕೇಸ್ ಶೀಟಿನ ಪ್ರಕಾರ ತೊಂದರೆ ‘ಐದಾರು ವರ್ಷಗಳಿಂದ’ ಇದೆ. ಪಾಲಿಸಿ ತೆಗೆಯುವಾಗ ಇದನ್ನು ಮುಚ್ಚಿಡಲಾಗಿದೆ.

ಶುಕ್ರವಾರ ಸರ್ಜನ್ನರನ್ನು ಕಾಣಲು ಬಂದ ಅವರಿಬ್ಬರನ್ನು ಮೇಜಿನ ಮುಂದೆ ಕೂರಿಸಿದೆ. ಆ ದಿನ ಮುಷ್ಟಿ ಹನ್ನೆರಡು.

“ಐದಾರು ವರ್ಷದಿಂದ ಉಂಟು ಅಂತ ಆ ಡಾಕ್ಟ್ರಿಗೆ ನೀವು ಹೇಳಿದ್ದು ಹೌದಾ?” ಎಂದು ಆಕೆಯನ್ನು ಕೇಳಿದೆ.

“ಹೌದು, ಹೇಳಿದ್ದೆ.”

“ಕೈಯ ಜೋಮು ಐದಾರು ವರ್ಷದಿಂದ ಉಂಟಾ?”

“ಛೆ, ಇಲ್ಲಪ್ಪ. ಅದು ಹೋದ ವರ್ಷದ ದೀಪಾವಳಿ ಕಳೆದ ಮೇಲೆ.”

“ಮತ್ತೆ ಐದಾರು ವರ್ಷ ಅಂತ ಯಾಕೆ ಹೇಳಿದ್ದು?”

“ಆ ಡಾಕ್ಟ್ರು ಸಣ್ಣ ಪ್ರಾಯದವರಲ್ವಾ ಅಣ್ಣ. ಮೊನ್ನೆ ಮೊನ್ನೆ ಶುರುವಾಗಿ ಇಷ್ಟು ಜೋರಾಯ್ತು ಅಂದ್ರೆ ಅವರಿಗೆ ಹೆದರಿಕೆ ಆಗುದು ಬೇಡ ಅಂತ.”

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ವಿವರಿಸಬೇಕು. ಪುತ್ತೂರು, ಸುಳ್ಯ, ಕಡಬದಲ್ಲಿ ಹೊಸ ಕಾಯಿಲೆಯನ್ನು ಹೊಸದೆಂದು ಹೇಳಿಕೊಳ್ಳುವುದು ಸಭ್ಯರ ಲಕ್ಷಣವಲ್ಲ. ನಿನ್ನೆ ಬಂದ ನೋವಿಗೆ ಇವತ್ತು ಡಾಕ್ಟರ ಬಳಿಗೆ ಓಡುವವನು ಪುಕ್ಕಲ. ತಿಂಗಳುಗಟ್ಟಲೆ ಸಹಿಸಿ, ಕಷಾಯ ಕುಡಿದು, ಎಣ್ಣೆ ತಿಕ್ಕಿ, ಕೊನೆಗೆ ಬೇರೆ ಏನೋ ಕೆಲಸಕ್ಕೆ ಪೇಟೆಗೆ ಹೋದಾಗ ‘ಹೇಗೂ ಬಂದದ್ದಲ್ವಾ’ ಎಂದು ಡಾಕ್ಟರಿಗೆ ಮುಖ ತೋರಿಸುವವನು ಮರ್ಯಾದಸ್ಥ. ಆದ್ದರಿಂದ ಯಾವಾಗಿನಿಂದ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಅದು ಮೊದಲಿಂದಲೇ ಉಂಟು. ನಾನೇ ಒಮ್ಮೆ ಮೂರು ದಿನದ ಕೆಮ್ಮನ್ನು ಡಾಕ್ಟರ ಮುಂದೆ ಮೂರು ತಿಂಗಳಿಗೆ ಏರಿಸಿ, ಎಕ್ಸರೇ ತೆಗೆಸಿಕೊಂಡು ಮನೆಗೆ ಬಂದವನು. ಊರಿನ ಹಳೆ ಡಾಕ್ಟರುಗಳು ನಾವು ಹೇಳಿದ ಅವಧಿಯನ್ನು ಮನಸ್ಸಿನಲ್ಲೇ ಭಾಗಿಸಿಕೊಳ್ಳುತ್ತಿದ್ದರು. ಬೇರೆ ಊರಿನಿಂದ ಹೊಸದಾಗಿ ಬಂದ ವೈದ್ಯೆ, ರೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. ಅವರ ತಪ್ಪಲ್ಲ. ರೋಗಿಯ ಮರ್ಯಾದೆಯನ್ನು ಕಂಪನಿ ಸುಳ್ಳು ಎಂದು ದಾಖಲಿಸಿಕೊಂಡಿತು, ಅಷ್ಟೆ.

ಗಂಡ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು. “ಆ ಒಂದು ಗೆರೆ ಸರಿ ಮಾಡಿದ್ರೆ ಆಯ್ತಲ್ವಾ ಮಾರಾಯ್ರೆ? ಐದಾರು ವರ್ಷ ಇದ್ದಲ್ಲಿ ಒಂದು ವರ್ಷ ಅಂತ ಬರೆಯುದು. ನಿಜವೇ ಅಲ್ವಾ ಅದು?”

ನಿಜವೇ. ಕಷ್ಟ ಇದ್ದದ್ದೇ ಅಲ್ಲಿ. ಸುಳ್ಳಿಗಾಗಿ ದಾಖಲೆ ತಿದ್ದಿ ಎನ್ನುವವರನ್ನು ವಕೀಲರ ಕಚೇರಿಯಲ್ಲಿ ಬೇಕಾದಷ್ಟು ನೋಡಿದ್ದೆ. ಅವರನ್ನು ಹೊರಗೆ ಕಳುಹಿಸುವುದು ಸುಲಭ. ಸತ್ಯಕ್ಕಾಗಿ ತಿದ್ದಿ ಎಂದವರು ಇವರೇ ಮೊದಲು. ಕಿರಿಯ ವೈದ್ಯೆಯೂ ಪಾಪ, ಬೇಕಾದರೆ ಹೊಸ ಶೀಟು ಬರೆದುಕೊಡುತ್ತೇನೆ ಎಂದರು. ಬೇಡ ಎಂದೆ. ಒಮ್ಮೆ ಬರೆದದ್ದು ಹಾಗೆಯೇ ಇರಬೇಕು. ಅದರ ಕೆಳಗೆ ದಿನ, ಗಂಟೆ ನಮೂದಿಸಿ, ರೋಗಿಯನ್ನು ಮತ್ತೆ ವಿಚಾರಿಸಿದಾಗ ತಿಳಿದುಬಂದದ್ದು ಹೀಗೆ ಎಂದು ಬರೆದು ವೈದ್ಯೆ, ರೋಗಿ ಇಬ್ಬರೂ ಸಹಿ ಹಾಕಬೇಕು. ಹಾಗೆಯೇ ಮಾಡಿದೆವು. ಆಕೆಯ ಸಹಿ ಇರುವೆ ನಡೆದ ಹಾಗೆ ಬಂತು. ಕೈ ಹೇಗಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ, ಆದರೆ ಸಹಿಯನ್ನು ಪರೀಕ್ಷಿಸಿ ರೋಗ ಹೇಳುವ ಪದ್ಧತಿ ಕಂಪನಿಯಲ್ಲಿ ಇಲ್ಲ. ಮಂಗಳವಾರ ಉತ್ತರ ಬಂತು: ತಿರಸ್ಕೃತವಾದ ಬಳಿಕ ಹೊಳೆದ ಮಾತು, ಒಪ್ಪಲಾಗದು.

ಅಂದೇ ಆಕೆಯ ತಂಗಿಯ ವೀಡಿಯೊ ಕರೆ ಬಂತು. ತಂಗಿ ಬ್ರಿಟನ್ನಿನಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸು. ಗಂಡ ಫೋನನ್ನು ನನ್ನ ಕಂಪ್ಯೂಟರಿಗೆ ಒರಗಿಸಿ ನಿಲ್ಲಿಸಿದರು. ಹೀಗೆ ಬ್ರಿಟನ್, ಗಲ್ಫ್, ಇಚಿಲಂಪಾಡಿ ಮೂರೂ ನನ್ನ ಮೇಜಿನ ಮೇಲೆ ಸಭೆ ಸೇರಿದವು. ಅಧ್ಯಕ್ಷತೆ ನನ್ನದು, ಆದರೆ ಮಾತಾಡಲು ಅವಕಾಶ ಸಿಗಲಿಲ್ಲ.

“ಇಲ್ಲಿ ಯಾವಾಗಿಂದ ಅಂತ ಕೇಳುದು ಔಷಧಿ ಕೊಡ್ಲಿಕ್ಕೆ ಬಾವ. ಹಣ ಕೊಡ್ಬೇಕಾ ಬೇಡ್ವಾ ನೋಡ್ಲಿಕ್ಕೆ ಅಲ್ಲ,” ಎಂದಳು ತಂಗಿ.

“ನಿನ್ನ ನೆರೆಮನೆಯ ಅಜ್ಜಿ ಮೊಣಗಂಟಿನ ಆಪರೇಷನ್ನಿಗೆ ವರ್ಷಗಟ್ಟಲೆ ಕಾದದ್ದು ನೀನೇ ಹೇಳಿದ್ದಲ್ವಾ ಮಾರಾಯ್ತಿ. ಧರ್ಮಕ್ಕೆ, ಪುಕ್ಕಟೆ ಸಿಗುದಕ್ಕೆ ಕಾಯ್ಲಿಕ್ಕೂ ಆಯುಸ್ಸು ಬೇಕಲ್ಲ.”

“ಧರ್ಮಕ್ಕೆ ಅಲ್ಲ, ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿತಾರೆ. ಅಜ್ಜಿ ಕಾದರು, ಬೈದುಕೊಂಡೇ ಕಾದರು, ಮತ್ತೆ ಆಯ್ತು. ಕುತ್ತಿಗೆದು ಹೀಗೆ ಇದ್ರೆ ಅಂಥವರನ್ನು ಸಾಲಿನಲ್ಲಿ ಮುಂದೆ ಹಾಕ್ತಾರೆ. ನಿಮ್ಮ ಗಲ್ಫಿನ ಕಾರ್ಡು ಎಲ್ಲುಂಟು ಈಗ?”

ಕೆಲಸ ಬಿಟ್ಟ ದಿನ ಹೆಲ್ಮೆಟಿನ ಜೊತೆ ಕಾರ್ಡನ್ನೂ ಒಪ್ಪಿಸಿ ಬಂದದ್ದೆಂದು ಗಂಡ ಆಮೇಲೆ ನನಗೆ ಹೇಳಿದರು. ಕ್ರೇನಿನ ಮೇಲೆ ಕೂತಿರುವಷ್ಟು ದಿನ ಗಾಜಿನ ಬಾಗಿಲು ತೆರೆಯುತ್ತದೆ. ಇಳಿದ ಮೇಲೆ ಅದು ಗೋಡೆ.

ತಂಗಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. “ಅಕ್ಕನ ಹೆಸರು ಬಿಪಿಎಲ್ ಕಾರ್ಡಿನಲ್ಲಿ ಉಂಟಲ್ಲ, ಸರ್ಕಾರದ ಕಾರ್ಡಿನಲ್ಲಿ ಯಾಕೆ ಮಾಡಿಸುದಿಲ್ಲ?”

“ರೇಷನ್ ಕಾರ್ಡಿನಲ್ಲಿ ಅಕ್ಕಿ ತರ್ಬಹುದು,” ಎಂದರು ಗಂಡ. “ಕುತ್ತಿಗೆ ಕೊಯ್ಸುದಾ?”

ಅವರಿಗೆ ಹಣಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ‘ಮುಚ್ಚಿಡಲಾಗಿದೆ’ ಎಂಬ ಆ ಒಂದು ಪದ. ಅದನ್ನು ಅವರು ನನ್ನಿಂದ ಮೂರು ಸಲ ಓದಿಸಿದ್ದರು. ಕಂಪನಿಯನ್ನು ಬಿಟ್ಟು ಸರ್ಕಾರದ ಕಡೆ ಹೋದರೆ ಕದ್ದವರು ಓಡಿದ ಹಾಗೆ ಆಗುತ್ತದೆ ಎಂಬುದು ಅವರ ವಾದ. ಹೋರಾಡಬೇಕು ಎಂದರು. ನನಗೂ ಅದೇ ಬೇಕಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಓದದೆ ಕಳುಹಿಸಿದ ಕಾಗದ ನನ್ನದು. ಗೆದ್ದರೆ ಅದು ಮುಚ್ಚಿಹೋಗುತ್ತಿತ್ತು.

ಹೋರಾಡಲು ಸಾಕ್ಷ್ಯ ಬೇಕು. ಪಾಲಿಸಿ ತೆಗೆಯುವಾಗ ಕೈ ಸರಿ ಇತ್ತು ಎನ್ನುವುದಕ್ಕೆ ಸಾಕ್ಷ್ಯ ಎಲ್ಲಿಂದ ತರುವುದು? ಕೈ ಸರಿ ಇದ್ದಾಗ ಯಾರೂ ಡಾಕ್ಟರ ಬಳಿಗೆ ಹೋಗಿ ಸರಿ ಇದೆ ಎಂದು ಬರೆಸಿಕೊಳ್ಳುವುದಿಲ್ಲ. ಆಕೆಯನ್ನು ಒಂದೊಂದೇ ಕೇಳುತ್ತ ಹೋದೆ. ಹೋದ ವರ್ಷ ಎಂತೆಲ್ಲ ಮಾಡಿದ್ದೀರಿ? ಹಪ್ಪಳ ಮಾಡಿದ್ದು, ತಂಗಿಯ ಮಗಳಿಗೆ ಸ್ವೆಟರು ಹೆಣೆದದ್ದು, ಮಂಡೆಕೋಲಿನಲ್ಲಿ ಟ್ಯಾಪಿಂಗ್ ಸ್ಪರ್ಧೆಗೆ ಹೋದದ್ದು.

“ಸ್ಪರ್ಧೆಯಾ?”

“ಅದೆಂತ ದೊಡ್ಡದಲ್ಲ. ರಬ್ಬರ್ ಬೆಳೆಗಾರರ ಸಂಘದವರದ್ದು. ಒಂದು ಕುಕ್ಕರು ಕೊಟ್ಟಿದ್ದಾರೆ.”

“ಎಷ್ಟನೇ ಬಹುಮಾನ?”

“ಮೊದಲನೆಯದ್ದೇ ಕೊಟ್ಟದ್ದು. ಅವತ್ತು ಬೇರೆ ಯಾರೂ ಸರಿಯಾಗಿ ಬರ್ಲಿಲ್ಲ ಕಾಣ್ತದೆ.”

ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಸುಳ್ಯದಲ್ಲಿ ಇಳಿದು, ಮಂಡೆಕೋಲಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದು, ಕೇರಳದ ಗಡಿಯ ಆ ಊರಿಗೆ ತಲುಪುವಾಗ ಮಧ್ಯಾಹ್ನ. ಸಂಘದ ಕಾರ್ಯದರ್ಶಿಯವರು ಮನೆಯಲ್ಲಿ ಸುಳ್ಯ ಕಡೆಯ ಅರೆಭಾಷೆ ಮಾತಾಡುವ ಕೃಷಿಕರು, ನನಗಾಗಿ ಕನ್ನಡಕ್ಕೆ ಬಂದರು. ಮೊದಲು ಊಟ, ಆಮೇಲೆ ಕಾಗದ ಎಂಬುದು ಅವರ ಕಚೇರಿಯ ನಿಯಮ. ಊಟದ ಬಳಿಕ ರಬ್ಬರ್ ಶೀಟಿನ ವಾಸನೆ ಹೊಡೆಯುವ ಕಪಾಟಿನಿಂದ ಒಂದು ಫೈಲು ತೆಗೆದರು.

ಕಾಗದ ಅಂದರೆ ಹಾಗಿರಬೇಕು. ಹತ್ತು ಮಂದಿ ಸ್ಪರ್ಧಿಗಳು, ಒಬ್ಬೊಬ್ಬರಿಗೆ ಇಪ್ಪತ್ತು ಮರ. ಪ್ರತಿ ಮರಕ್ಕೆ ಒಂದು ಸಾಲು: ಕೆತ್ತಿದ ತೊಗಟೆಯ ದಪ್ಪ, ಗೆರೆಯ ಓರೆ, ಮರಕ್ಕೆ ತಗಲಿದ ಗಾಯ. ರಬ್ಬರ್ ಮರದಲ್ಲಿ ಹಾಲು ಇರುವುದು ತೊಗಟೆಯ ಒಳಪದರದಲ್ಲಿ. ಕತ್ತಿ ಅಲ್ಲಿಯವರೆಗೆ ಹೋಗಬೇಕು, ಮರಕ್ಕೆ ತಾಗಬಾರದು, ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿನಷ್ಟೇ ತೊಗಟೆ ಹೋಗಬೇಕು. ಕೈ ಒಂದು ಕೂದಲು ನಡುಗಿದರೂ ಮರದ ಮೇಲೆ ಅದು ವರ್ಷಗಟ್ಟಲೆ ಗಂಟಾಗಿ ಕಾಣುತ್ತದೆ. ಆಕೆಯ ಇಪ್ಪತ್ತು ಮರಗಳ ಸಾಲಿನಲ್ಲಿ ಗಾಯದ ಅಂಕಣ ಮೇಲಿನಿಂದ ಕೆಳಗಿನವರೆಗೆ ಸೊನ್ನೆ. ಕೆಳಗೆ ತೀರ್ಪುಗಾರರಾಗಿ ಬಂದಿದ್ದ ತರಬೇತಿ ಅಧಿಕಾರಿಯ ಸಹಿ, ಮೊಹರು, ದಿನಾಂಕ. ಪಾಲಿಸಿ ತೆಗೆದು ಒಂದು ವರ್ಷದ ಮೇಲೆ ಕಳೆದ ಬಳಿಕದ ದಿನಾಂಕ.

“ಆ ಅಕ್ಕನ ಕೈ ಅಂದ್ರೆ ಎಂತದು ಗೊತ್ತುಂಟಾ,” ಎಂದರು ಕಾರ್ಯದರ್ಶಿ. “ಅವರು ಕತ್ತಿ ಎಳೆದ ಮರ ನೋಡ್ಲಿಕ್ಕೆ ಜನ ಬರ್ತಾರೆ. ಮರಕ್ಕೇ ಗೊತ್ತಾಗುದಿಲ್ಲ.”

ದೃಢೀಕರಿಸಿದ ನಕಲು ತೆಗೆದುಕೊಂಡು ಬಂದು ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆದೆ. ವಕೀಲರ ಕಚೇರಿಯ ಶೈಲಿಯಲ್ಲಿ, ಕಂಡಿಕೆಗಳಿಗೆ ಸಂಖ್ಯೆ ಹಾಕಿ. ಅದರ ಮೂರನೇ ಕಂಡಿಕೆ, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: ‘ಪಾಲಿಸಿದಾರರ ಊರಿನಲ್ಲಿ ಹೊಸ ಕಾಯಿಲೆಯನ್ನು ಹೊಸದೆಂದು ಹೇಳಿಕೊಳ್ಳುವ ರೂಢಿ ಇರುವುದಿಲ್ಲ. ಸದರಿ ರೂಢಿಯು ವೈದ್ಯರ ಮೇಲಿನ ಗೌರವದಿಂದ ಹುಟ್ಟಿದ್ದಾಗಿದ್ದು, ಯಾವುದೇ ಮೋಸದ ಉದ್ದೇಶದಿಂದ ಕೂಡಿರುವುದಿಲ್ಲ. ಬೆನ್ನುಹುರಿಗೆ ಒತ್ತಡವಿರುವ ಯಾವ ಕೈಯೂ ಲಗತ್ತಿಸಿದ ಅಂಕಪಟ್ಟಿಯನ್ನು ಗಳಿಸಲಾರದು.’ ಸರ್ಜನ್ನರೂ ಹೌದೆಂದು ಎರಡು ಸಾಲು ಬರೆದು ಸಹಿ ಹಾಕಿದರು. ಕಳುಹಿಸಿದೆ. ‘ನಿಮ್ಮ ದೂರು ನಮಗೆ ಅಮೂಲ್ಯ’ ಎಂಬ ಉತ್ತರ ಒಂದೇ ನಿಮಿಷದಲ್ಲಿ ಬಂತು. ಆಮೇಲೆ ಏನೂ ಬರಲಿಲ್ಲ.

ದಿನಾ ಬೆಳಿಗ್ಗೆ ಬಂದು ಬಲಗಡೆಯ ಕಂಪ್ಯೂಟರನ್ನು ತೆರೆಯುತ್ತಿದ್ದೆ. ‘ಪರಿಶೀಲನೆಯಲ್ಲಿದೆ.’ ಫೋನ್ ಮಾಡಿದರೆ ಸಂಗೀತ ಕೇಳಿಸುತ್ತಿದ್ದರು. ಸಂಗೀತ ಮುಗಿದ ಮೇಲೆ ಒಬ್ಬಳು ಹುಡುಗಿ ಪರಿಶೀಲನೆಯಲ್ಲಿದೆ ಎಂದು ಹೇಳುತ್ತಿದ್ದಳು. ಬ್ರಿಟನ್ನಿನಲ್ಲಿ ಸರತಿ ಆಸ್ಪತ್ರೆಯ ಬಾಗಿಲ ಹೊರಗೆ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ, ಪತ್ರಿಕೆಗಳು ಬೈಯುತ್ತವೆ. ನಮ್ಮ ಕಂಪನಿಯ ಸರತಿ ಕಂಪ್ಯೂಟರಿನ ಒಳಗಿತ್ತು. ಅದರಲ್ಲಿ ಆಕೆಯ ಮುಂದೆ ಎಷ್ಟು ಜನ ನಿಂತಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ರಟ್ಟಿನ ಮೇಲಿನ ಪೆನ್ಸಿಲ್ ಅಂಕಿಗಳು ಮಾತ್ರ ಕಾಣುತ್ತಿದ್ದವು. ೧೩, ೧೨, ೧೧, ೧೧, ೧೦.

ನಾಲ್ಕನೇ ವಾರದ ಮಂಗಳವಾರ ಆಕೆ ಒಂಬತ್ತು ಮಾಡಿದರು. ಹತ್ತನೆಯದ್ದಕ್ಕೆ ಬೆರಳು ಅರ್ಧ ಬಿಡಿಸಿ ನಿಂತಿತು. ಆಕೆ ಅದನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು, ಮಗುವಿನ ಕೈಯಿಂದ ಏನನ್ನೋ ತೆಗೆದುಕೊಳ್ಳುವ ಹಾಗೆ. ಸರ್ಜನ್ ನನ್ನ ಕಡೆ ನೋಡಿದರು. ಅವರ ಕೆಲಸ ಕೊಯ್ಯುವುದು, ಅನುಮತಿ ತರುವುದು ನನ್ನದು.

ಮೇಜಿಗೆ ಮರಳಿ ಐದು ನಿಮಿಷ ಕುಳಿತೆ. ಆಮೇಲೆ ಬಲಗಡೆಯ ಕಂಪ್ಯೂಟರಿನಿಂದ ಚಿಕಿತ್ಸೆಯ ಅನುಮತಿ ಕೋರಿಕೆಯನ್ನು ಹಿಂತೆಗೆದುಕೊಳ್ಳುವ ಅರ್ಜಿಯನ್ನು ಮುದ್ರಿಸಿ ಗಂಡನ ಮುಂದೆ ಇಟ್ಟೆ. ಒಂದೇ ಚಿಕಿತ್ಸೆಗೆ ಎರಡು ಕಡೆ ಕೋರಿಕೆ ನಮ್ಮಲ್ಲಿ ಇಡುವಂತಿಲ್ಲ. ಬಲಗಡೆ ಮುಚ್ಚದೆ ಎಡಗಡೆ ತೆರೆಯುವುದಿಲ್ಲ.

“ಸೋತ ಹಾಗೆ ಆಯ್ತಲ್ಲ ಮಾರಾಯ್ರೆ,” ಎಂದರು ಅವರು.

“ಎರಡು ಬೇರೆ ಬೇರೆ ಜಗಳ ಉಂಟು ಇಲ್ಲಿ,” ಎಂದೆ. “ಒಂದು ಕುತ್ತಿಗೆದು, ಒಂದು ಹೆಸರಿದು. ಹೆಸರಿದು ನಾನು ಬಿಡುದಿಲ್ಲ, ದೂರು ಅಲ್ಲೇ ಇರ್ತದೆ, ವರ್ಷ ಆದ್ರೂ ಆಗ್ಲಿ. ಕುತ್ತಿಗೆಗೆ ವರ್ಷ ಇಲ್ಲ.”

ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ, ಈ ನಾಲ್ಕು ವಾರ ಹೆಚ್ಚು ಮಾತೇ ಆಡದಿದ್ದ ಆಕೆ ಬಾಯಿ ತೆರೆದರು.

“ನಿಮಗೆ ಹೆಸರು ಬೇಕಾ, ನನ್ನ ಕೈ ಬೇಕಾ? ಮೊನ್ನೆ ಅನ್ನ ಕಲಸ್ಲಿಕ್ಕೆ ಆಗ್ಲಿಲ್ಲ ನಂಗೆ. ಚಮಚದಲ್ಲಿ ತಿಂದದ್ದು. ನಿಮಗೆ ಹೇಳಿಲ್ಲ.”

ಗಂಡ ಸಹಿ ಹಾಕಿದರು.

ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ವಿಷಯ ತಿಳಿಸಬೇಕಾಗಿತ್ತು. ಬಲಗಡೆಯ ರೋಗಿಯನ್ನು ಎಡಗಡೆಗೆ ದಾಟಿಸುವ ಗುಮಾಸ್ತನನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು. ಸರ್ಕಾರದ ದರ ಕಡಿಮೆ, ಹಣ ಬರುವುದು ತಡ, ಅದು ಅವರಿಗೂ ಗೊತ್ತು ನನಗೂ ಗೊತ್ತು. ಕೇಸ್ ಶೀಟು ಓದದೆ ಕಳುಹಿಸಿದವನು ನಾನೇ ಎಂದು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಸರಿ, ಮುಂದಿನ ಸಲ ಓದಿ ಎಂದರು.

ಸರ್ಕಾರದ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಬರಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಮರುದಿನ ಬೆಳಿಗ್ಗೆ ಮೂವರೂ ಪುತ್ತೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಸರತಿಯಲ್ಲಿ ನಿಂತೆವು. ಗಂಡ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಖ ಕೆಳಗಾಗಿ ಹಿಡಿದಿದ್ದರು. ಪರಿಚಯದವರೊಬ್ಬರು ಕಂಡು ಎಂತ ಇಲ್ಲಿ ಎಂದು ಕೇಳಿದಾಗ, ಹೀಗೇ ಎಂದರು. ಎರಡು ಗಂಟೆ ನಿಂತ ಮೇಲೆ ನಮ್ಮ ಪಾಳಿ ಬಂತು. ಡಾಕ್ಟರು ಎಂ.ಆರ್.ಐ.ಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಯಾವಾಗಿನಿಂದ?” ಎಂದು ಕೇಳಿದರು.

ಬರುವ ದಾರಿಯಲ್ಲಿ ಎರಡು ಸಲ ಆಕೆಗೆ ಪಾಠ ಹೇಳಿಕೊಟ್ಟಿದ್ದೆ.

“ಅದು ಮೊದಲಿಂದಲೇ ಉಂಟು ಡಾಕ್ಟ್ರೇ,” ಎಂದರು ಆಕೆ.

ಡಾಕ್ಟರು ತಲೆಯಾಡಿಸಿ ಬರೆಯುತ್ತ ಹೋದರು. ಬಗ್ಗಿ ನೋಡಿದೆ. ಆ ನಮೂನೆಯಲ್ಲಿ ಯಾವಾಗಿನಿಂದ ಎಂಬುದಕ್ಕೆ ಅಂಕಣವೇ ಇರಲಿಲ್ಲ. ಯಾರು, ಎಲ್ಲಿಯವರು, ಏನಾಗಿದೆ, ಏನು ಆಗಬೇಕು. ಅಷ್ಟೆ. ಅವರು ಕೇಳಿದ್ದು ಕಾಯಿಲೆಯ ಬಗ್ಗೆ. ತಂಗಿ ಹೇಳಿದ್ದು ಇದೇ ಆಗಿತ್ತು. ಅದು ಅರ್ಥವಾಗಲು ನನಗೆ ಎರಡು ಗಂಟೆ ಸರತಿಯಲ್ಲಿ ನಿಲ್ಲಬೇಕಾಯಿತು.

ಆದರೆ ಸರ್ಕಾರಕ್ಕೂ ಅದರದ್ದೇ ಗಂಟು ಉಂಟು. ಈ ಆಪರೇಷನ್ ಮಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ, ಅಲ್ಲಿ ಆಗುವುದನ್ನು ಖಾಸಗಿಗೆ ಕಳುಹಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅವರೇ ಅಲ್ಲಿಗೆ ಫೋನ್ ಮಾಡಿದರು. ಅಲ್ಲಿ ಪಾಳಿ ಬರಲು ಐದು ವಾರ. ನಾನು ಫೈಲಿನ ರಟ್ಟನ್ನು ತಿರುಗಿಸಿ ಪೆನ್ಸಿಲ್ ಅಂಕಿಗಳನ್ನು ತೋರಿಸಿದೆ. ಅವರು ಆಕೆಯ ಕೈ ಚಾಚಿಸಿ ತಾವೂ ಒಮ್ಮೆ ಎಣಿಸಿದರು. ಎಂಟು. ‘ತುರ್ತು, ಇಲ್ಲಿ ಸಾಧ್ಯವಿಲ್ಲ, ಕಾಯುವಂತಿಲ್ಲ’ ಎಂದು ಬರೆದು, ಮೊಹರನ್ನು ಎರಡು ಸಲ ಒತ್ತಿದರು. ಮೊದಲ ಸಲ ಶಾಯಿ ಸರಿಯಾಗಿ ಬಿದ್ದಿರಲಿಲ್ಲ.

ನನ್ನ ಮೇಜಿಗೆ ಮರಳಿ ಎಡಗಡೆಯ ಕಂಪ್ಯೂಟರು ತೆರೆದೆ. ಬೆರಳಚ್ಚು ಕೇಳಿತು. ಹೆಬ್ಬೆರಳು ಇಟ್ಟರು, ಗುರುತು ಸಿಗಲಿಲ್ಲ. ತೋರುಬೆರಳು, ಇಲ್ಲ. ಮೂವತ್ತು ವರ್ಷ ರಬ್ಬರ್ ಹಾಲಿನಲ್ಲೂ ಅದನ್ನು ಹೆಪ್ಪುಗಟ್ಟಿಸಿ ಶೀಟು ಮಾಡುವ ಆಸಿಡ್ಡಿನಲ್ಲೂ ಮುಳುಗಿದ ಬೆರಳುಗಳಲ್ಲಿ ಗೆರೆ ಉಳಿದಿರಲಿಲ್ಲ. ಮೊಬೈಲಿಗೆ ಬರುವ ಸಂಖ್ಯೆಯಿಂದ ಮಾಡೋಣವೆಂದರೆ, ಆಧಾರಿಗೆ ಜೋಡಿಸಿದ ನಂಬರು ಗಂಡ ಗಲ್ಫಿಗೆ ಹೋಗುವ ಮೊದಲಿನದು, ಸತ್ತು ಹೋಗಿ ಬಹಳ ಕಾಲವಾಗಿತ್ತು. ಬಿಸಿನೀರು ತರಿಸಿ ಬೆರಳು ಅದ್ದಿಸಿದೆ, ಒರೆಸಿದೆ, ಒಂದೊಂದೇ ಒತ್ತಿಸಿದೆ. ಬಲಗೈ ಮುಗಿಯಿತು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಕೆ ನಗಲು ಶುರುಮಾಡಿದರು.

“ಇಷ್ಟು ವರ್ಷ ಕೆಲಸ ಮಾಡಿದ ಬೆರಳಿನ ಪರಿಚಯವೇ ಇಲ್ವಾ ಇದಕ್ಕೆ?”

ಎಡಗೈಯ ಉಂಗುರಬೆರಳನ್ನು ಭಾರತ ಸರ್ಕಾರ ಗುರುತಿಸಿತು. ಹಸಿರು ಗೆರೆ ಬಂತು. ಶಿಫಾರಸು ಪತ್ರ, ಎಂ.ಆರ್.ಐ., ಸರ್ಜನ್ನರ ವರದಿ, ಎಲ್ಲವನ್ನೂ ಸ್ಕ್ಯಾನ್ ಮಾಡಿದೆ. ಕೇಸ್ ಶೀಟನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇನ್ನೊಮ್ಮೆ ಓದಿ, ಕಳುಹಿಸಿದೆ. ಗುರುವಾರ ಸಂಜೆ ನಾಲ್ಕು ಗಂಟೆಗೆ ಅನುಮತಿ ಬಂತು.

ಶುಕ್ರವಾರ ಆಪರೇಷನ್ ಆಯಿತು. ಮೂರು ಗಂಟೆ ಹಿಡಿಯಿತು. ಗಂಡ ಆ ಮೂರು ಗಂಟೆಯೂ ನನ್ನ ಮೇಜಿನ ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ರೇಷನ್ ಕಾರ್ಡು ತೊಡೆಯ ಮೇಲಿತ್ತು, ಮುಖ ಮೇಲಾಗಿ. ನಡುವೆ ಒಮ್ಮೆ ನನಗೆ ಕಾಫಿ ತಂದುಕೊಟ್ಟರು, ಎದುರಿನ ಹೋಟೆಲಿನದ್ದು.

ಯಾವುದು ಮೇಲು ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ, ಎರಡು ಕಂಪ್ಯೂಟರಿನ ನಡುವೆ ಕುಳಿತವನಲ್ವಾ ಎಂದು. ಬಲಗಡೆಯದ್ದು ವೇಗ, ಆದರೆ ನಿಮ್ಮ ಹಿಂದಿನದನ್ನೆಲ್ಲ ಕೆದಕುತ್ತದೆ. ಎಡಗಡೆಯದ್ದು ಕೆದಕುವುದಿಲ್ಲ, ಆದರೆ ನಿಲ್ಲಿಸುತ್ತದೆ, ಮತ್ತು ಕೆಲವು ದಿನ ಕಣ್ಣೇ ಬಿಡುವುದಿಲ್ಲ. ಬಲಗಡೆಯದ್ದು ಎರಡನೇ ದಿನ ಬೇಡ ಎಂದಿರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಗಂಡ ಊರಿಡೀ ಪಾಲಿಸಿಯ ಗುಣಗಾನ ಮಾಡುತ್ತಿದ್ದರು. ಅದೂ ನಿಜ. ನಾನು ಮಾಡಿಕೊಂಡ ಬದಲಾವಣೆ ಒಂದೇ. ಈಗ ಕೇಸ್ ಶೀಟು ಬರೆಯುವ ಮೊದಲು ಹೊಸ ವೈದ್ಯರ ಬಳಿಗೆ ಹೋಗಿ, ಇಲ್ಲಿಯವರು ಹೇಳುವ ಅವಧಿಯನ್ನು ಎರಡನೇ ಸಲ ಕೇಳಿ, ಹಬ್ಬಗಳ ಲೆಕ್ಕದಲ್ಲಿ ಕೇಳಿ ಎಂದು ಹೇಳಿ ಬರುತ್ತೇನೆ.

ಕಂಪನಿಯ ಪತ್ರ ಆಪರೇಷನ್ ಆಗಿ ಹನ್ನೊಂದನೇ ದಿನ ಬಂತು. ಅಂಕಪಟ್ಟಿಯನ್ನು ಪರಿಶೀಲಿಸಲಾಗಿದೆ, ‘ಮುಚ್ಚಿಡಲಾಗಿದೆ’ ಎಂಬ ಟಿಪ್ಪಣಿಯನ್ನು ತೆಗೆದುಹಾಕಲಾಗಿದೆ, ಚಿಕಿತ್ಸೆಗೆ ಅನುಮತಿ ನೀಡಲಾಗಿದೆ ಎಂದು ಅದರಲ್ಲಿತ್ತು. ಗಂಡ ಅದರ ನಕಲು ಕೇಳಿ ತೆಗೆದುಕೊಂಡು ಹೋದರು.

ಮೂರು ತಿಂಗಳ ಬಳಿಕದ ತಪಾಸಣೆಯಲ್ಲಿ ಆಕೆ ಹತ್ತು ಸೆಕೆಂಡಿನಲ್ಲಿ ಹದಿನೇಳು ಸಲ ಮುಷ್ಟಿ ಹಿಡಿದು ಬಿಟ್ಟರು.